ಉಪಾಹಾರ ಗೃಹವೂ ರಾಜಕೀಯ ಬಹಿಷ್ಕಾರವೂ: ಮದರಾಸು, ಮುಂಬಯಿಗಳ ಎರಡು ಪ್ರಸಂಗಗಳು

ಬಹಿಷ್ಕಾರವೆಂಬುದು ನಮ್ಮ ಸಮಾಜಕ್ಕೆ ಹೊಸತಲ್ಲ. ಕಟ್ಟಳೆ ಮೀರಿದವನನ್ನು ಪಂಕ್ತಿಯಿಂದ ಎಬ್ಬಿಸುವುದು, ಅವನ ಮನೆಯ ನೀರು ಮುಟ್ಟದಿರುವುದು ಹಿಂದಿನ ಊರುಗಳಲ್ಲಿ ಅತ್ಯಂತ ಕಠಿನವಾದ ದಂಡನೆಯಾಗಿತ್ತು. 1905ರ ಸ್ವದೇಶಿ ಚಳವಳಿಯ ತರುವಾಯ ಈ ಆಯುಧವು ಪಂಕ್ತಿಯಿಂದ ಪೇಟೆಗೆ ಬಂದು, ವಿದೇಶೀ ಬಟ್ಟೆಯಂಗಡಿಯ ಮುಂದೆ ನಿಂತಿತು. ಅನ್ನವನ್ನೇ ಮಾರುವ ಉಪಾಹಾರ ಗೃಹವು ಇಂಥ ಚಳವಳಿಗೆ ಗುರಿಯಾದಾಗ ಹಳೆಯ ಬಹಿಷ್ಕಾರವೂ ಹೊಸದೂ ಒಂದೇ ಹೊಸ್ತಿಲಲ್ಲಿ ಸಂಧಿಸುತ್ತವೆ. ಸುಮಾರು ಹತ್ತು ವರ್ಷಗಳ ಅಂತರದಲ್ಲಿ ನಡೆದ ಎರಡು ಪ್ರಸಂಗಗಳನ್ನು ಜೊತೆಗಿಟ್ಟು ನೋಡಿದರೆ ಈ ಸಂಧಿಯ ಫಲಗಳು ಎಷ್ಟು ಭಿನ್ನವಾಗಬಲ್ಲವೆಂಬುದು ತಿಳಿಯುತ್ತದೆ.

ಮೊದಲನೆಯದು ಮದರಾಸಿನದು. ಅಲ್ಲಿಯ ಅನೇಕ ಹೋಟೆಲುಗಳ ಫಲಕಗಳ ಮೇಲೆ ‘ಬ್ರಾಹ್ಮಣರ ಹೋಟೆಲು’ ಎಂಬ ಒಕ್ಕಣೆ ಇರುತ್ತಿತ್ತು. ರೈಲು ನಿಲ್ದಾಣಗಳ ಉಪಾಹಾರ ಗೃಹಗಳಲ್ಲಿದ್ದ ಪ್ರತ್ಯೇಕ ಪಂಕ್ತಿಯ ವಿರುದ್ಧ ಮೊದಲೇ ಹೋರಾಡಿದ್ದ ಪೆರಿಯಾರ್ ಈ. ವೆ. ರಾಮಸ್ವಾಮಿಯವರು, 1957ರ ಮೇ ತಿಂಗಳಲ್ಲಿ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಮುಂದೆ ಧರಣಿಯನ್ನು ಆರಂಭಿಸಿದರು. ದ್ರಾವಿಡ ಕಳಗದ ಸ್ವಯಂಸೇವಕರು ದಿನವೂ ಬಾಗಿಲ ಮುಂದೆ ನಿಂತು, ಒಳಗೆ ಹೋಗಬೇಡಿರೆಂದು ಗಿರಾಕಿಗಳನ್ನು ಕೇಳಿಕೊಂಡು, ಪೊಲೀಸರಿಗೆ ಸೆರೆ ಸಿಕ್ಕುತ್ತಿದ್ದರು. ನೂರಾರು ಮಂದಿ ಬಂಧಿತರಾದರು. ಚಳವಳಿ ಹಲವು ತಿಂಗಳು ಸಾಗಿ, ಕೊನೆಗೆ ಫಲಕದಿಂದ ಆ ಒಂದು ಶಬ್ದ ಮರೆಯಾಯಿತು, ಧರಣಿಯೂ ಮುಗಿಯಿತು.

ಈ ಪ್ರಸಂಗದಲ್ಲಿ ಗಮನಿಸತಕ್ಕ ಸಂಗತಿಯೆಂದರೆ ಬೇಡಿಕೆಯ ಸ್ಪಷ್ಟತೆ. ಅದು ಸರಿಯೋ ತಪ್ಪೋ ಎಂಬ ವಾದವೇನೇ ಇರಲಿ, ಅದನ್ನು ಈಡೇರಿಸುವುದು ಮಾಲಿಕನ ಕೈಯಲ್ಲಿತ್ತು. ಒಲೆ ಆರಿಸಬೇಕಾಗಿರಲಿಲ್ಲ, ಮಾಣಿಗಳನ್ನು ಊರಿಗೆ ಕಳುಹಿಸಬೇಕಾಗಿರಲಿಲ್ಲ. ಒಂದು ಶಬ್ದವನ್ನು ಅಳಿಸಿದರೆ ಸಾಕಾಗಿತ್ತು.

ಮುಂಬಯಿಯ ಕಥೆ ಬೇರೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ದಕ್ಷಿಣ ಕನ್ನಡದ ಹೋಟೆಲುಗಾರರು ಆ ನಗರದಲ್ಲಿ ನೆಲೆಯೂರಿದ್ದರು. ಮಾಟುಂಗಾ ನಿಲ್ದಾಣದ ಬಳಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಆರಂಭವಾದದ್ದು 1942ರಲ್ಲಿ. ಮುಂದೆ ಇಂಥ ಹೋಟೆಲುಗಳು ಬಡಾವಣೆ ಬಡಾವಣೆಗೂ ಹಬ್ಬಿದವು. ಅವುಗಳ ಗಿರಾಕಿಗಳಲ್ಲಿ ದಕ್ಷಿಣದವರಷ್ಟೇ ಇರಲಿಲ್ಲ. ಗಿರಣಿಯ ಕೆಲಸಗಾರ, ಕಚೇರಿಯ ಗುಮಾಸ್ತ, ಕಾಲೇಜಿನ ಹುಡುಗ, ಹೀಗೆ ಮರಾಠಿ ಮಾತನಾಡುವ ಸಾಮಾನ್ಯ ಜನರೇ ಅಲ್ಲಿ ಕಡಿಮೆ ಬೆಲೆಗೆ ಇಡ್ಲಿ, ದೋಸೆ, ಕಾಫಿಗಳ ರುಚಿ ಕಂಡವರು.

1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವು ಉದಯಿಸಿತು. ರಾಜಧಾನಿಯಾದ ಮುಂಬಯಿಯಲ್ಲಿ ಮರಾಠಿ ಭಾಷಿಕರು ಅರ್ಧಕ್ಕಿಂತ ಕಡಿಮೆಯಿದ್ದರು. ನೌಕರಿ ಸಿಗದ ತರುಣರ ಅಸಮಾಧಾನ ನಿಜವಾದದ್ದೇ ಆಗಿತ್ತು. ಅದೇ ವರ್ಷ ಬಾಳ ಠಾಕರೆಯವರು ಹೊರಡಿಸಿದ ‘ಮಾರ್ಮಿಕ’ ವಾರಪತ್ರಿಕೆಯು ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿಗಳನ್ನು ಪ್ರಕಟಿಸತೊಡಗಿತು. 1966ರ ಜೂನ್ 19ರಂದು ಶಿವಸೇನೆ ಸ್ಥಾಪಿತವಾಯಿತು. ಅಕ್ಟೋಬರ್ 30ರಂದು ಶಿವಾಜಿ ಪಾರ್ಕಿನಲ್ಲಿ ಅದರ ಮೊದಲ ಬಹಿರಂಗ ಸಭೆ ನೆರೆಯಿತು. ಆ ವರ್ಷಗಳಲ್ಲಿ ಲುಂಗಿಯವರನ್ನು ಓಡಿಸಿರೆಂಬ ಘೋಷಣೆ ಬೀದಿಗಳಲ್ಲಿ ಮೊಳಗಿತು; ಉಡುಪಿ ಹೋಟೆಲುಗಳ ಮೇಲೆ ಕಲ್ಲುಗಳು ಬಿದ್ದವು.

ಇಲ್ಲಿಯ ವಿಪರ್ಯಾಸವನ್ನು ಪರಿಶೀಲಿಸಬೇಕು. ದೂರಿದ್ದುದು ಗುಮಾಸ್ತಗಿರಿಯ ಬಗ್ಗೆ. ಏಟು ಬಿದ್ದುದು ದೋಸೆಯ ಕಾವಲಿಯ ಮೇಲೆ. ಹೋಟೆಲಿನ ಮಾಣಿ ಯಾವ ತರುಣನ ಕಚೇರಿ ನೌಕರಿಯನ್ನೂ ಕಸಿದುಕೊಂಡವನಲ್ಲ. ಆದರೆ ಗುಮಾಸ್ತ ಕಚೇರಿಯ ಗೋಡೆಗಳ ಒಳಗಿದ್ದ. ಹೋಟೆಲಾದರೋ ಬೀದಿಗೆ ಬಾಗಿಲು ತೆರೆದು, ಊರಿನ ಹೆಸರನ್ನು ಫಲಕದ ಮೇಲೆ ಬರೆದುಕೊಂಡು, ಗಾಜಿನ ಕಪಾಟಿನಲ್ಲಿ ತಿಂಡಿಯನ್ನಿಟ್ಟುಕೊಂಡು ನಿಂತಿತ್ತು. ಎಲ್ಲರನ್ನೂ ಒಳಗೆ ಕರೆಯುವ ಗುಣವೇ ಅದನ್ನು ಸುಲಭದ ಗುರಿಯನ್ನಾಗಿ ಮಾಡಿತು.

1967ರ ಆಗಸ್ಟಿನಲ್ಲಿ ಮಹಾಜನ ಆಯೋಗವು ಬೆಳಗಾವಿ ನಗರ ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕೆಂದು ವರದಿ ಮಾಡಿತು. 1969ರ ಫೆಬ್ರುವರಿಯಲ್ಲಿ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರು ಮುಂಬಯಿಗೆ ಬಂದಾಗ ಗಡಿಯ ಪ್ರಶ್ನೆ ದಂಗೆಯಾಗಿ ಸಿಡಿಯಿತು. ನಾಲ್ಕು ದಿನಗಳ ಗಲಭೆಯಲ್ಲಿ 50ಕ್ಕೂ ಹೆಚ್ಚು ಮಂದಿ ಸತ್ತರು. ಅನೇಕ ಉಡುಪಿ ಹೋಟೆಲುಗಳು ಧ್ವಂಸವಾದವು.

ಇಂಥ ದಿನಗಳ ನಷ್ಟವನ್ನು ಒಡೆದ ಗಾಜಿನ ಬೆಲೆಯಿಂದ ಅಳೆಯಲಾಗದು. ಹೋಟೆಲು ದಿನದ ಗಲ್ಲಾಪೆಟ್ಟಿಗೆಯಿಂದ ಮರುದಿನದ ಹಾಲು, ತರಕಾರಿ ಕೊಳ್ಳುವ ವ್ಯಾಪಾರ. ಬಟ್ಟೆಯಂಗಡಿಯವನು ವಾರ ಬಾಗಿಲು ಮುಚ್ಚಿದರೂ ಬಟ್ಟೆ ಉಳಿಯುತ್ತದೆ. ರಾತ್ರಿ ರುಬ್ಬಿಟ್ಟ ಹಿಟ್ಟು ಮರುದಿನದ ಸಂಜೆಗೆ ಹುಳಿಯಾಗಿ ಚರಂಡಿ ಸೇರುತ್ತದೆ. ಮೇಲಾಗಿ ಅಲ್ಲಿಯ ಹುಡುಗರು ಉಣ್ಣುತ್ತಿದ್ದುದೂ ಮಲಗುತ್ತಿದ್ದುದೂ ಹೋಟೆಲಿನಲ್ಲಿಯೇ. ಬಾಗಿಲು ಮುಚ್ಚಿದರೆ ಅವರಿಗೆ ಸಂಬಳದೊಡನೆ ಸೂರೂ ಹೋಯಿತು. ಊರಿಗೆ ಹೋಗುವ ಮನಿಆರ್ಡರು ತಪ್ಪಿತು. ಕನ್ನಡ ಸಂಘಗಳ ರಾತ್ರಿಶಾಲೆಯ ಪಾಠ ತಪ್ಪಿತು. ಗಿರಾಕಿಯ ನಷ್ಟವೂ ಸಣ್ಣದಲ್ಲ. ಸಂಸಾರವನ್ನು ಊರಲ್ಲಿ ಬಿಟ್ಟು ಬಾಡಿಗೆ ಕೋಣೆಯಲ್ಲಿದ್ದವನು, ಅವನ ಭಾಷೆ ಯಾವುದೇ ಆಗಲಿ, ಆ ದಿನ ಉಪವಾಸ ಬೀಳಬೇಕಾಗಿತ್ತು.

ಹೋಟೆಲುಗಳನ್ನು ಕಲ್ಲಿನಿಂದ ಮುಚ್ಚಿಸಬೇಕಾಗಿ ಬಂದುದರಿಂದಲೇ ಒಂದು ಸತ್ಯ ಹೊರಪಡುತ್ತದೆ. ಗಿರಾಕಿ ತಾನಾಗಿ ಹೋಟೆಲನ್ನು ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಕಲ್ಲೇಕೆ ಬೇಕಿತ್ತು? ಗಲಭೆ ತಣ್ಣಗಾದೊಡನೆ ಅವನು ಮತ್ತೆ ಅದೇ ಮೇಜಿಗೆ ಬಂದು ಕುಳಿತನು.

ಸೇನೆಯ ಪ್ರಯತ್ನಗಳಲ್ಲಿ ಬಾಳಿದುದು ಕಲ್ಲಲ್ಲ, ತಿಂಡಿ. ಮರಾಠಿ ತರುಣರು ವಡಾಪಾವಿನ ಗಾಡಿಗಳನ್ನು ಇಡಬೇಕೆಂದು ಅದು ಪ್ರೋತ್ಸಾಹಿಸಿತು. 1960ರ ದಶಕದಲ್ಲಿ ದಾದರಿನ ಸುತ್ತ ಕಾಣಿಸಿಕೊಂಡ ಆ ತಿಂಡಿ ನಗರವನ್ನೇ ಗೆದ್ದಿತು. ಅದರಿಂದ ಅನೇಕ ಸಂಸಾರಗಳಿಗೆ ಅನ್ನ ದೊರೆಯಿತು. ಇಡ್ಲಿಯ ಗಿರಾಕಿಯೂ ಉಳಿದನು. 1995ರಲ್ಲಿ ಅಧಿಕಾರಕ್ಕೆ ಬಂದ ಶಿವಸೇನೆ ಮತ್ತು ಭಾರತೀಯ ಜನತಾ ಪಕ್ಷದ ಸರಕಾರವು ಒಂದು ರೂಪಾಯಿಗೆ ಝುಣಕಾ ಭಾಕರಿಯನ್ನು ಒದಗಿಸುವ ಕೇಂದ್ರಗಳನ್ನು ತೆರೆಯಿತು. ಆ ಯೋಜನೆ ಮುಂದೆ ನಿಂತುಹೋಯಿತು. ಗಾಡಿಯವನು ತನ್ನ ಲಾಭಕ್ಕಾಗಿ ಕಟ್ಟಿದುದು ಉಳಿಯಿತು. ಸರಕಾರದ ಧನಬಲದಿಂದ ನಡೆದುದು ಉಳಿಯಲಿಲ್ಲ.

ಎರಡು ಪ್ರಸಂಗಗಳ ನಡುವಿನ ಅಂತರವು ಈಗ ಸ್ಪಷ್ಟವಾಗುತ್ತದೆ. ಮದರಾಸಿನಲ್ಲಿ ಆಕ್ಷೇಪವಿದ್ದುದು ಹೋಟೆಲಿನವನು ಬರೆದುಕೊಂಡಿದ್ದ ಒಂದು ಶಬ್ದಕ್ಕೆ. ಮುಂಬಯಿಯಲ್ಲಿ ಆಕ್ಷೇಪವಿದ್ದುದು ಅವನು ಹುಟ್ಟಿದ ಊರಿಗೆ. ಶಬ್ದವನ್ನು ಅಳಿಸಬಹುದು, ಹುಟ್ಟಿದ ಊರನ್ನು ಅಳಿಸುವುದು ಯಾರಿಂದ ಸಾಧ್ಯ? ಒಪ್ಪಿಕೊಳ್ಳಲು ದಾರಿಯನ್ನೇ ಬಿಡದ ಬಹಿಷ್ಕಾರವು ಶಿಕ್ಷೆಯಾಗುತ್ತದೆಯೇ ಹೊರತು ಸುಧಾರಣೆಯಾಗುವುದಿಲ್ಲ. ಇಂದು ಉಡುಪಿ ಹೋಟೆಲಿನ ತಿಂಡಿಗಳ ಪಟ್ಟಿಯಲ್ಲಿ ಬಟಾಟೆ ವಡೆಯೂ ಮಿಸಳೂ ಸೇರಿವೆ. ಮರಾಠಿ ಮನೆಗಳ ಒಲೆಯ ಮೇಲೆ ದೋಸೆ ಏಳುತ್ತಿದೆ. ಬೀದಿಯ ಜಗಳವನ್ನು ಅಡಿಗೆಮನೆಗಳು ಬಹು ಹಿಂದೆಯೇ ಇತ್ಯರ್ಥಪಡಿಸಿಕೊಂಡಿವೆ. ಆದರೆ 1969ರಲ್ಲಿ ಸೂರು ಕಳೆದುಕೊಂಡ ಹುಡುಗರ ನಷ್ಟವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಜಮೆಯಾಗಲಿಲ್ಲ. ಮುಂಬಯಿ ಕನ್ನಡಿಗರ ಇತಿಹಾಸ ಬರೆಯುವವರು ಆ ಬಾಕಿಯನ್ನು ಮರೆಯಬಾರದು.