ರಸ್ತೆ ಕಾಮಗಾರಿ ಮತ್ತು ಲಾರಿ ಸಾರಿಗೆಯಲ್ಲಿ ದುಡಿಯುವ ಮಹಿಳೆಯರು: ನೋಂದಣಿ, ಚಾಲನಾ ಪರವಾನಗಿ ಮತ್ತು ಸೌಲಭ್ಯಗಳ ಮಾಹಿತಿ

ಪೀಠಿಕೆ

ಮಣ್ಣು ತುಂಬುವುದು, ಜಲ್ಲಿ ಹರಡುವುದು, ಡಾಂಬರು ಹಾಕುವ ಮುನ್ನ ರಸ್ತೆಯ ಧೂಳು ಗುಡಿಸುವುದು, ನೀರು ಹಾಯಿಸುವುದು ಮುಂತಾದ ಕೆಲಸಗಳಲ್ಲಿ ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿ ತೊಡಗಿರುತ್ತಾರೆ. ಕಲಬುರಗಿ, ಯಾದಗಿರಿ, ರಾಯಚೂರು ಮುಂತಾದ ಜಿಲ್ಲೆಗಳಿಂದ ಕುಟುಂಬ ಸಮೇತ ಬೆಂಗಳೂರಿಗೂ ಹೊರ ರಾಜ್ಯಗಳಿಗೂ ಈ ಕೆಲಸಕ್ಕಾಗಿ ತೆರಳುವವರಿದ್ದಾರೆ. ಲಾರಿ, ಟಿಪ್ಪರ್ ಮುಂತಾದ ಸರಕು ವಾಹನಗಳ ಚಾಲನೆಗೂ ಮಹಿಳೆಯರು ಬರುತ್ತಿದ್ದಾರೆ.

ಅನೇಕ ಕಾಮಗಾರಿಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದರೂ ಮೇಸ್ತ್ರಿಯ ಪುಸ್ತಕದಲ್ಲಿ ಗಂಡನ ಹೆಸರು ಮಾತ್ರ ಇರುತ್ತದೆ ಮತ್ತು ಇಬ್ಬರ ಕೂಲಿಯೂ ಆತನ ಕೈಗೇ ಬಟವಾಡೆಯಾಗುತ್ತದೆ. ಇದರಿಂದ ಮಹಿಳೆಯು ದುಡಿದ ದಿನಗಳಿಗೆ ದಾಖಲೆ ಇಲ್ಲದಂತಾಗಿ, ಹೆರಿಗೆ ಸಹಾಯಧನ, ಅಪಘಾತ ಪರಿಹಾರ, ಪಿಂಚಣಿ ಮುಂತಾದ ಸೌಲಭ್ಯಗಳು ಕೈತಪ್ಪುತ್ತವೆ. ಆದುದರಿಂದ ಹಾಜರಿ, ಕೂಲಿ ಮತ್ತು ನೋಂದಣಿ ಈ ಮೂರೂ ಮಹಿಳೆಯ ಸ್ವಂತ ಹೆಸರಿನಲ್ಲಿಯೇ ಇರುವುದು ಅತ್ಯಗತ್ಯವಾಗಿದೆ.

ಅನ್ವಯವಾಗುವ ಕಾನೂನುಗಳು

ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕುರಿತಾದ 1996 ರ ಅಧಿನಿಯಮಗಳು ಹಾಗೂ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮ, 1961 ಇವುಗಳ ವಿಷಯಗಳನ್ನು ವೇತನ ಸಂಹಿತೆ, 2019, ಸಾಮಾಜಿಕ ಭದ್ರತಾ ಸಂಹಿತೆ, 2020 ಹಾಗೂ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಒಳಗೊಂಡಿವೆ. ಈ ಸಂಹಿತೆಗಳು ದಿನಾಂಕ 21-11-2025 ರಿಂದ ಜಾರಿಗೆ ಬಂದಿವೆ.

ನಿರ್ಮಾಣ ಕೆಲಸ ಎಂಬುದರಲ್ಲಿ ಕಟ್ಟಡಗಳಷ್ಟೇ ಅಲ್ಲದೆ ರಸ್ತೆ ಮತ್ತು ಬೀದಿಗಳ ನಿರ್ಮಾಣ, ದುರಸ್ತಿ ಹಾಗೂ ನಿರ್ವಹಣೆಯೂ ಸೇರಿರುತ್ತದೆ. ನಿರ್ಮಾಣ ವೆಚ್ಚದ ಮೇಲೆ ಶೇ. 1 ಕ್ಕೆ ಕಡಿಮೆಯಿಲ್ಲದ ಹಾಗೂ ಶೇ. 2 ನ್ನು ಮೀರದ ಸುಂಕವನ್ನು ಸಂಗ್ರಹಿಸಿ ಕಾರ್ಮಿಕರ ಕಲ್ಯಾಣ ನಿಧಿಗೆ ಜಮಾ ಮಾಡಲಾಗುತ್ತದೆ. ಈ ಸುಂಕವನ್ನು ಉದ್ಯೋಗದಾತರು ಭರಿಸತಕ್ಕದ್ದು. ಮಹಿಳೆಯು ನೋಂದಣಿಯಾಗಿರಲಿ ಬಿಡಲಿ, ಆಕೆ ದುಡಿಯುವ ರಸ್ತೆಯ ಮೇಲೆ ಸುಂಕ ಸಂದಾಯವಾಗುತ್ತದೆ. ಆದರೆ ನಿಧಿಯ ಸೌಲಭ್ಯ ನೋಂದಾಯಿತರಿಗೆ ಮಾತ್ರ ದೊರೆಯುತ್ತದೆ.

ರಸ್ತೆ ಕಾಮಗಾರಿ ಮಹಿಳೆಯರ ನೋಂದಣಿ

ರಾಜ್ಯದಲ್ಲಿ 2007 ರಲ್ಲಿ ರಚನೆಯಾದ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕಾಗಿರುತ್ತದೆ.

ಅರ್ಹತೆ:
1. ವಯಸ್ಸು 18 ವರ್ಷ ತುಂಬಿದ್ದು, 60 ವರ್ಷ ತುಂಬಿರಬಾರದು.
2. ಅರ್ಜಿಗೆ ಹಿಂದಿನ 12 ತಿಂಗಳುಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿರಬೇಕು.

90 ದಿನಗಳು ಒಂದೇ ಕಾಮಗಾರಿಯಲ್ಲಿ ಸತತವಾಗಿ ಇರಬೇಕೆಂದಿಲ್ಲ. ಬೇರೆ ಬೇರೆ ಗುತ್ತಿಗೆದಾರರ ಬಳಿ ದುಡಿದ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಗಂಡನ ಉದ್ಯೋಗ ಪ್ರಮಾಣಪತ್ರವು ಹೆಂಡತಿಗೆ ಅನ್ವಯವಾಗುವುದಿಲ್ಲ. ಪ್ರತಿಯೊಬ್ಬರೂ ಪ್ರತ್ಯೇಕ ಪ್ರಮಾಣಪತ್ರ ಪಡೆಯತಕ್ಕದ್ದು. ಗುತ್ತಿಗೆದಾರರು ಪ್ರಮಾಣಪತ್ರ ನೀಡಲು ನಿರಾಕರಿಸಿದಲ್ಲಿ ಆ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರನ್ನು ಸಂಪರ್ಕಿಸಬಹುದು.

ಅರ್ಜಿಯನ್ನು ಆನ್‌ಲೈನ್ ಮೂಲಕ ಸಲ್ಲಿಸಬಹುದು. ಆಧಾರ್, ವಯಸ್ಸಿನ ದಾಖಲೆ, ಭಾವಚಿತ್ರ, ಉದ್ಯೋಗ ಪ್ರಮಾಣಪತ್ರ ಹಾಗೂ ಅರ್ಜಿದಾರರ ಹೆಸರಿನಲ್ಲಿರುವ ಬ್ಯಾಂಕ್ ಖಾತೆಯ ವಿವರಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು.

ಪಿಂಚಣಿ, ಅಪಘಾತ ಪರಿಹಾರ, ಪ್ರಮುಖ ಕಾಯಿಲೆಗಳ ವೈದ್ಯಕೀಯ ವೆಚ್ಚ, ಹೆರಿಗೆ ಸಹಾಯಧನ, ಮಕ್ಕಳ ಶೈಕ್ಷಣಿಕ ಸಹಾಯಧನ ಮುಂತಾದವು ಮಂಡಳಿಯ ಸೌಲಭ್ಯಗಳಾಗಿವೆ. ಮೊತ್ತಗಳು ಆಗಿಂದಾಗ್ಗೆ ಪರಿಷ್ಕರಣೆಗೊಳ್ಳುವುದರಿಂದ ಅರ್ಜಿ ಸಲ್ಲಿಸುವಾಗ ಜಾರಿಯಲ್ಲಿರುವ ಆದೇಶವನ್ನು ನೋಡಿಕೊಳ್ಳುವುದು.

ವಿಶೇಷ ಗಮನಕ್ಕೆ: 60 ವರ್ಷ ತುಂಬುವುದಕ್ಕೆ ನಿಕಟಪೂರ್ವದಲ್ಲಿ ಕನಿಷ್ಠ 3 ವರ್ಷ ಸತತವಾಗಿ ಫಲಾನುಭವಿಯಾಗಿದ್ದವರಿಗೆ ಮಾತ್ರ ಆ ವಯಸ್ಸಿನ ನಂತರವೂ ನಿಯಮಾನುಸಾರ ಸೌಲಭ್ಯ ಪಡೆಯುವ ಹಕ್ಕಿರುತ್ತದೆ. ಹಲವು ವರ್ಷ ದುಡಿದಿದ್ದರೂ 58 ಅಥವಾ 59 ನೇ ವಯಸ್ಸಿನಲ್ಲಿ ಮೊದಲ ಬಾರಿಗೆ ನೋಂದಣಿ ಮಾಡಿಸಿದಲ್ಲಿ ಈ ಅವಧಿ ಪೂರ್ಣಗೊಳ್ಳುವುದಿಲ್ಲ. ನವೀಕರಣವನ್ನು ಗುರುತಿನ ಚೀಟಿಯಲ್ಲಿ ನಮೂದಿಸಿರುವ ಅವಧಿ ಮುಗಿಯುವ ಮುನ್ನವೇ ಮಾಡಿಸುವುದು.

ಕೆಲಸದ ಸ್ಥಳದಲ್ಲಿನ ಹಕ್ಕುಗಳು

1. ಒಂದೇ ಕೆಲಸಕ್ಕೆ ಅಥವಾ ಅದೇ ಸ್ವರೂಪದ ಕೆಲಸಕ್ಕೆ ಗಂಡಾಳಿಗೆ ಹೆಚ್ಚು, ಹೆಣ್ಣಾಳಿಗೆ ಕಡಿಮೆ ಕೂಲಿ ನೀಡುವಂತಿಲ್ಲ.
2. ಪ್ರತಿ ಕಾರ್ಮಿಕರಿಗೂ ವೇತನ ಚೀಟಿ ನೀಡತಕ್ಕದ್ದು. ನೇಮಕಾತಿ ಪತ್ರ ನೀಡುವುದೂ ಉದ್ಯೋಗದಾತರ ಕರ್ತವ್ಯವಾಗಿರುತ್ತದೆ. ಇವೇ ಮುಂದೆ 90 ದಿನಗಳ ಕೆಲಸಕ್ಕೆ ಆಧಾರವಾಗುತ್ತವೆ.
3. ನಗರಗಳಲ್ಲಿ ವಾಹನ ಸಂಚಾರದ ಕಾರಣ ಡಾಂಬರೀಕರಣವನ್ನು ಬಹುಮಟ್ಟಿಗೆ ರಾತ್ರಿ ಕೈಗೊಳ್ಳಲಾಗುತ್ತದೆ. ಸಂಜೆ 7 ಗಂಟೆಯ ನಂತರ ಹಾಗೂ ಬೆಳಿಗ್ಗೆ 6 ಗಂಟೆಗೆ ಮುನ್ನ ಮಹಿಳೆಯರನ್ನು ಅವರ ಒಪ್ಪಿಗೆಯಿದ್ದಲ್ಲಿ ಮಾತ್ರ, ನಿಗದಿತ ಸುರಕ್ಷತಾ ಷರತ್ತುಗಳನ್ನು ಪಾಲಿಸಿ ಕೆಲಸಕ್ಕೆ ತೆಗೆದುಕೊಳ್ಳಬಹುದು.
4. ಬಿಸಿ ಡಾಂಬರು ಮಿಶ್ರಣವು ಸುಮಾರು 150 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿರುತ್ತದೆ. ಜಲ್ಲಿಯ ಧೂಳು ಶ್ವಾಸಕೋಶಕ್ಕೆ ಹಾನಿಕರ. ಪಾದರಕ್ಷೆ, ಕೈಗವಸು, ಮುಖಗವಸು ಮುಂತಾದ ಸುರಕ್ಷತಾ ಸಾಮಗ್ರಿಗಳಿಗಾಗಿ ಕೂಲಿಯಲ್ಲಿ ಹಣ ಕಡಿತ ಮಾಡುವಂತಿಲ್ಲ.
5. ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯವಿರಬೇಕು. 50 ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿಯ ವ್ಯವಸ್ಥೆ ಇರಬೇಕು.
6. ಕೆಲಸದ ವೇಳೆ ಅಪಘಾತ ಸಂಭವಿಸಿದಲ್ಲಿ ಉದ್ಯೋಗದಾತರಿಂದ ಪರಿಹಾರ ಕೋರಿ 2 ವರ್ಷಗಳೊಳಗೆ ಕ್ಲೇಮು ಸಲ್ಲಿಸಬೇಕು.

ಸರಕು ವಾಹನ ಚಾಲನಾ ಪರವಾನಗಿ

ಮೋಟಾರು ವಾಹನಗಳ ಅಧಿನಿಯಮ, 1988 ರಲ್ಲಿ ಪುರುಷರಿಗೂ ಮಹಿಳೆಯರಿಗೂ ಅರ್ಹತೆ ಒಂದೇ ಆಗಿರುತ್ತದೆ.

1. ಸಾರಿಗೆ ವಾಹನ ಚಾಲನೆಗೆ 20 ವರ್ಷ ತುಂಬಿರಬೇಕು.
2. ಸಾರಿಗೆ ವಾಹನದ ಕಲಿಕಾ ಪರವಾನಗಿ (ಎಲ್.ಎಲ್.ಆರ್.) ಪಡೆಯುವ ಮುನ್ನ ಲಘು ಮೋಟಾರು ವಾಹನದ ಪರವಾನಗಿಯನ್ನು ಕನಿಷ್ಠ 1 ವರ್ಷ ಹೊಂದಿರಬೇಕು.
3. ನಮೂನೆ 1ಎ ಯಲ್ಲಿ ವೈದ್ಯಕೀಯ ಪ್ರಮಾಣಪತ್ರ ಹಾಗೂ ಚಾಲನಾ ತರಬೇತಿ ಶಾಲೆಯಿಂದ ನಮೂನೆ 5 ರಲ್ಲಿ ಪ್ರಮಾಣಪತ್ರ ಸಲ್ಲಿಸಬೇಕು.
4. ಕಲಿಕಾ ಪರವಾನಗಿ 6 ತಿಂಗಳು ಜಾರಿಯಲ್ಲಿರುತ್ತದೆ. 30 ದಿನಗಳ ನಂತರ ಚಾಲನಾ ಪರೀಕ್ಷೆಗೆ ಹಾಜರಾಗಬಹುದು.
5. ಸಾರಿಗೆ ವಾಹನ ಪರವಾನಗಿಯ ಅವಧಿ ಸಾಮಾನ್ಯವಾಗಿ 5 ವರ್ಷ.

8 ನೇ ತರಗತಿ ಉತ್ತೀರ್ಣರಾಗಿರಬೇಕೆಂಬ ಹಿಂದಿನ ನಿಯಮವನ್ನು 2019 ರಲ್ಲಿ ಕೈಬಿಡಲಾಗಿದೆ. ಶಾಲೆ ಬಿಟ್ಟ ಕಾರಣಕ್ಕೆ ಈ ಹಿಂದೆ ಅವಕಾಶ ದೊರೆಯದ ಮಹಿಳೆಯರು ಈಗ ಅರ್ಜಿ ಸಲ್ಲಿಸಬಹುದು.

ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಲಘು ಸರಕು ವಾಹನವನ್ನು ಲಘು ಮೋಟಾರು ವಾಹನ ಪರವಾನಗಿಯಲ್ಲಿಯೇ ಚಾಲನೆ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2024 ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ. ಭಾರಿ ಲಾರಿ ಮತ್ತು ಟಿಪ್ಪರ್‌ಗಳಿಗೆ ಸಾರಿಗೆ ವಾಹನದ ಪರವಾನಗಿ ಅಗತ್ಯ. ರೋಡ್ ರೋಲರ್ ಪ್ರತ್ಯೇಕ ವರ್ಗವಾಗಿದ್ದು, ಅದನ್ನು ಪರವಾನಗಿಯಲ್ಲಿ ನಮೂದಿಸಿರಬೇಕು.

ವಾಹನ ಚಾಲಕರು, ಕ್ಲೀನರ್‌ಗಳು ಹಾಗೂ ಗ್ಯಾರೇಜ್ ಕೆಲಸಗಾರರಿಗಾಗಿ ರಾಜ್ಯದಲ್ಲಿ ಮೋಟಾರು ಸಾರಿಗೆ ಮತ್ತು ಇತರೆ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಅಧಿನಿಯಮ, 2024 ನ್ನು ರೂಪಿಸಲಾಗಿದೆ. ಮನೆಯವರ ಲಾರಿಯಲ್ಲಿಯೇ ಕ್ಲೀನರ್ ಆಗಿ ದುಡಿಯುವ ಮಹಿಳೆಯರೂ ಸ್ವಂತ ಹೆಸರಿನಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸುವುದು ಸೂಕ್ತ.

ಲೈಂಗಿಕ ಕಿರುಕುಳದ ದೂರುಗಳು

2013 ರ ಅಧಿನಿಯಮದಂತೆ ಕಾಮಗಾರಿ ಸ್ಥಳವಷ್ಟೇ ಅಲ್ಲದೆ, ಕೆಲಸದ ನಿಮಿತ್ತ ಹೋಗುವ ಸ್ಥಳ ಮತ್ತು ಉದ್ಯೋಗದಾತರು ಒದಗಿಸುವ ವಾಹನವೂ ಕೆಲಸದ ಸ್ಥಳವೆನಿಸುತ್ತದೆ. 10 ಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿ ಅಥವಾ ಮಾಲೀಕರ ವಿರುದ್ಧವೇ ದೂರಿದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ 3 ತಿಂಗಳೊಳಗೆ ಲಿಖಿತ ದೂರು ಸಲ್ಲಿಸಬೇಕು. ಸೂಕ್ತ ಕಾರಣವಿದ್ದಲ್ಲಿ ಇನ್ನೂ 3 ತಿಂಗಳು ವಿಸ್ತರಿಸಲು ಅವಕಾಶವಿದೆ. ಬರೆಯಲು ಬಾರದವರಿಗೆ ದೂರು ಬರೆಯಲು ನೆರವು ನೀಡತಕ್ಕದ್ದು.

ಅರ್ಜಿದಾರರಿಗೆ ಸೂಚನೆಗಳು

1. ಕೆಲಸಕ್ಕೆ ಸೇರಿದ ದಿನವೇ ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರು ಪ್ರತ್ಯೇಕವಾಗಿ ಇರುವುದನ್ನು ಖಚಿತಪಡಿಸಿಕೊಳ್ಳುವುದು.
2. ಕೂಲಿಯನ್ನು ಸ್ವಂತ ಬ್ಯಾಂಕ್ ಖಾತೆಗೆ ಜಮಾ ಮಾಡುವಂತೆ ಕೋರುವುದು.
3. ಕಾಮಗಾರಿ ಮುಗಿದು ಬೇರೆಡೆಗೆ ತೆರಳುವ ಮುನ್ನವೇ ಉದ್ಯೋಗ ಪ್ರಮಾಣಪತ್ರ ಪಡೆಯುವುದು. ಗುತ್ತಿಗೆದಾರರು ಸ್ಥಳ ಬಿಟ್ಟ ನಂತರ ಅವರನ್ನು ಹುಡುಕುವುದು ಕಷ್ಟಸಾಧ್ಯ.
4. ನೋಂದಣಿಗಾಗಿ ಮಧ್ಯವರ್ತಿಗಳಿಗೆ ಹಣ ನೀಡಬಾರದು. ನಿರ್ಮಾಣ ಕೆಲಸ ಮಾಡದವರು ಸುಳ್ಳು ಪ್ರಮಾಣಪತ್ರದಿಂದ ನೋಂದಣಿ ಪಡೆಯುವುದು ಅಪರಾಧವಾಗಿರುತ್ತದೆ.

ಹೆಚ್ಚಿನ ಮಾಹಿತಿಗೆ ಸಮೀಪದ ಕಾರ್ಮಿಕ ನಿರೀಕ್ಷಕರ ಕಚೇರಿಯನ್ನು ಅಥವಾ ಕಾರ್ಮಿಕ ಸಹಾಯವಾಣಿ 155214 ನ್ನು, ಚಾಲನಾ ಪರವಾನಗಿಗೆ ಸಂಬಂಧಿಸಿದಂತೆ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. ಮಹಿಳಾ ಸಹಾಯವಾಣಿ: 181. ತುರ್ತು ಸಂದರ್ಭಗಳಲ್ಲಿ: 112.