ಹೊಂಡ ಉಳಿಯಿತು, ಕಟ್ಟಿಸಿದವರ ಮನೆ ಎಲ್ಲಿ ಹೋಯಿತು?

ಸಂತೇಬೆನ್ನೂರಿಗೆ ಬಂದವರೆಲ್ಲ ಹೊಂಡದ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನೀರಿನ ನಡುವೆ ವಸಂತ ಮಂಟಪ, ನಾಲ್ಕೂ ಕಡೆ ಇಳಿಯುವ ಕಲ್ಲಿನ ಮೆಟ್ಟಿಲು, ದಡದ ಮೇಲೆ ಚಿಕ್ಕ ಚಿಕ್ಕ ಮಂಟಪ. ನಮ್ಮ ಜಿಲ್ಲೆಯ ಪರಿಚಯ ಮಾಡಿಕೊಡುವ ಯಾವ ಪುಸ್ತಕ, ಯಾವ ವಿಡಿಯೊ ನೋಡಿದರೂ ಈ ಚಿತ್ರ ಇರುತ್ತದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಸುದ್ದಿಗಾಗಿ ತಿರುಗುವ ನಾವೂ ಈ ಹೊಂಡವನ್ನು ಎಷ್ಟೋ ಸಲ ನೋಡಿದ್ದೇವೆ. ಆದರೆ ಒಂದು ಪ್ರಶ್ನೆ ಹೊಳೆದಿದ್ದು ಇತ್ತೀಚೆಗೆ. ದೇವರಿಗಾಗಿ ಇಷ್ಟು ಚೆಂದದ ಹೊಂಡ ಕಟ್ಟಿಸಿದ ನಾಯಕರು ತಾವು ಎಲ್ಲಿ ಇರುತ್ತಿದ್ದರು? ಅವರ ಅರಮನೆ ಎಲ್ಲಿ?

ಮೆಟ್ಟಿಲ ಮೇಲೆ ಕೂತಿದ್ದ ಅಜ್ಜ ಒಬ್ಬರನ್ನು ಕೇಳಿದೆವು.

"ಅಜ್ಜಾ, ನಾಯಕರ ಅರಮನೆ ಎಲ್ಲೈತಿ?"

"ಯಾವ ಅರಮನೆನಪ್ಪ? ಹೊಂಡ ಐತಲ್ಲ, ಅದನ್ನ ನೋಡ್ಕಂಡು ಹೋಗ್ರಿ."

ಅಜ್ಜ ಹೇಳಿದ್ದರಲ್ಲಿ ತಪ್ಪಿಲ್ಲ. ನೋಡಲು ಉಳಿದಿರುವುದು ಹೊಂಡ ಮತ್ತು ಅದರ ಪಕ್ಕದ ಮುಸಾಫಿರ್‌ಖಾನೆ. ಅರಮನೆ ಅಂತ ಬೊಟ್ಟು ಮಾಡಿ ತೋರಿಸುವ ಕಟ್ಟಡ ಇಲ್ಲ.

ಹೊಂಡ ಕಟ್ಟಿಸಿದವನು ಕೆಂಗ ಹನುಮಪ್ಪ ನಾಯಕ, 16ನೇ ಶತಮಾನದಲ್ಲಿ. ಬಸವಾಪಟ್ಟಣ ಮೂಲದ ಪಾಳೆಯಗಾರರ ಮನೆತನ. ವಿಜಯನಗರದ ಕಾಲದಲ್ಲಿ ಬೆಳೆದವರು. ಇಲ್ಲಿ ರಂಗನಾಥಸ್ವಾಮಿ ದೇವಸ್ಥಾನ ಇತ್ತು, ಅದರ ಮುಂದೆ ಹೊಂಡ. ಹೊಂಡದ ಸುತ್ತ ಎಂಟು ದಿಕ್ಕಿಗೆ ಎಂಟು ಮಂಟಪ ಇದ್ದವು. ಈಗ ಎಲ್ಲವೂ ಇಲ್ಲ. ನಡುವಿನ ಮಂಟಪದ ಹೆಸರೇ ವಸಂತ ಮಂಟಪ. ಬೇಸಿಗೆ ಕಾಲಿಡುವ ಹೊತ್ತಿನಲ್ಲಿ ದೇವರನ್ನು ಹೊರಗೆ ತಂದು ತಂಪಾದ ಜಾಗದಲ್ಲಿ ಕೂರಿಸುವ ಹಬ್ಬ ವಸಂತೋತ್ಸವ. ಏಪ್ರಿಲ್ ಬಿಸಿಲಲ್ಲಿ ಹೋಗಿ ಮೆಟ್ಟಿಲಿಳಿದು ನಿಂತು ನೋಡಿ. ನೀರಿನ ಮೇಲಿಂದ ಬರುವ ಗಾಳಿಯೇ ಬೇರೆ. ಕಟ್ಟಿದವರಿಗೆ ಬಿಸಿಲು, ಗಾಳಿ, ನೀರು ಮೂರರ ಲೆಕ್ಕವೂ ಗೊತ್ತಿತ್ತು.

1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರ ಕುಸಿಯಿತು. 1630ರ ದಶಕದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಈ ಕಡೆ ಬಂದ. ಬಸವಾಪಟ್ಟಣ ಬಿಜಾಪುರದ ಕೈಗೆ ಹೋಯಿತು. ರಂಗನಾಥನ ಗುಡಿ ಹೋಗಿ ಮುಸಾಫಿರ್‌ಖಾನೆ ಬಂದಿದ್ದು ಆಗಲೇ ಅಂತ ಹೇಳುತ್ತಾರೆ. ನಾಯಕರು ತಿರುಗಿ ಬಂದು ಸೇಡು ತೀರಿಸಿಕೊಂಡ ಕಥೆಯೂ ಇದೆ. ಮುಂದೆ 1687ರಲ್ಲಿ ಮೊಗಲರು ಸಿರಾ ಪ್ರಾಂತ ಮಾಡಿದಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದಾಯಿತು. ನಾಯಕರು ಅಷ್ಟರಲ್ಲಿ ತರೀಕೆರೆ ಕಡೆ ನೆಲೆ ಬದಲಿಸಿದ್ದರು. ಅದಕ್ಕೇ ಅವರಿಗೆ ತರೀಕೆರೆ ಪಾಳೆಯಗಾರರು ಅಂತಲೂ ಹೆಸರು. ಅದೇ ಮನೆತನದ ಸರ್ಜಾ ಹನುಮಪ್ಪ ನಾಯಕ 1830–31ರ ನಗರದ ರೈತ ದಂಗೆಯಲ್ಲಿ ಸೇರಿಕೊಂಡ. ದಂಗೆ ಅಡಗಿತು. ಪಾಳೆಯಗಾರಿಕೆಯೂ ಮುಗಿಯಿತು.

ಯುದ್ಧಕ್ಕೆ ಸಿಕ್ಕಿದ್ದಕ್ಕೇ ಅರಮನೆ ಹೋಯಿತು ಅಂತ ಹೇಳಿ ಮುಗಿಸಬಹುದು. ಆದರೆ ಯುದ್ಧ ಇಲ್ಲದಿದ್ದರೂ ಅರಮನೆಗಳು ಉಳಿಯುವುದು ಕಷ್ಟ. ಕಾರಣ ಕಟ್ಟಿದ ಸಾಮಾನಿನಲ್ಲಿದೆ.

ಹಂಪಿಗೆ ಹೋದವರಿಗೆ ಇದು ನೆನಪಿರುತ್ತದೆ. ಅಷ್ಟು ದೊಡ್ಡ ರಾಜಧಾನಿಯಲ್ಲಿ ರಾಜರ ಅರಮನೆಗಳದ್ದು ಕಲ್ಲಿನ ಜಗಲಿ ಮಾತ್ರ ಇದೆ. ಮೇಲಿನದೆಲ್ಲ ಮರ. ಉರಿಯಿತು, ಕೊಳೆಯಿತು, ಯಾರೋ ಒಯ್ದರು. ಇಟ್ಟಿಗೆ, ಗಾರೆಯ ಕಮಲ ಮಹಲ್ ನಿಂತಿದೆ. ಕಲ್ಲಿನ ಗುಡಿಗಳು ನಿಂತಿವೆ. ನಮ್ಮ ಹಳ್ಳಿಯ ಹಳೇ ಮಾಳಿಗೆ ಮನೆಯದೂ ಇದೇ ಕಥೆ. ಜನ ಇರುವವರೆಗೆ ಸರಿ. ಬೀಗ ಹಾಕಿ ಹೋದರೆ ಮಾಳಿಗೆ ಸೋರುತ್ತದೆ, ಜಂತೆಗೆ ಗೆದ್ದಲು ಹಿಡಿಯುತ್ತದೆ, ನಾಲ್ಕು ಮಳೆಗಾಲಕ್ಕೆ ಮಣ್ಣಿನ ಗೋಡೆ ಕೂತುಬಿಡುತ್ತದೆ. ಒಳ್ಳೆ ಕಂಬ, ತೊಲೆ ಬೇರೆ ಮನೆ ಸೇರುತ್ತವೆ.

ತೊಲೆಗಳು ಎಷ್ಟು ದೂರ ಹೋಗುತ್ತವೆ ಅನ್ನುವುದಕ್ಕೆ ಶ್ರೀರಂಗಪಟ್ಟಣ ನೋಡಬೇಕು. ಅಲ್ಲಿ ದ್ವೀಪದ ಪೂರ್ವಕ್ಕೆ ಲಾಲ್‌ಬಾಗ್ ಅಂತ ದೊಡ್ಡ ತೋಟ, ಅದರೊಳಗೆ ಟಿಪ್ಪುವಿನ ಅರಮನೆ ಇತ್ತು. 1792ರಲ್ಲಿ ಕಾರ್ನ್‌ವಾಲಿಸ್ ಸೇನೆ ದ್ವೀಪಕ್ಕೆ ನುಗ್ಗಿದಾಗ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ತೋಟದ ಮರಗಳನ್ನು ಮುತ್ತಿಗೆಯ ಕೆಲಸಕ್ಕೆ ಕಡಿದರು. ಈಗ ಅಲ್ಲಿ ಹೈದರ್ ಮತ್ತು ಟಿಪ್ಪು ಮಲಗಿರುವ ಗುಂಬಜ್ ಇದೆ, ಅರಮನೆ ಇಲ್ಲ. 1829ರಲ್ಲಿ ಊಟಿಯಲ್ಲಿ ಸೇಂಟ್ ಸ್ಟೀಫನ್ಸ್ ಚರ್ಚ್ ಕಟ್ಟಲು ಶುರು ಮಾಡಿದಾಗ ಅದರ ತೊಲೆ, ಕಂಬಗಳಿಗೆ ಟಿಪ್ಪುವಿನ ಶ್ರೀರಂಗಪಟ್ಟಣದ ಅರಮನೆಯ ಮರವನ್ನೇ ಘಟ್ಟ ಹತ್ತಿಸಿದರು.

ಹಾಗಾದರೆ ಸಂತೇಬೆನ್ನೂರಿನ ಹೊಂಡ ಯಾಕೆ ಉಳಿಯಿತು? ಕಲ್ಲಿನದು ಅನ್ನುವುದು ಒಂದು ಕಾರಣ. ಇನ್ನೊಂದು, ನೀರು ಎಲ್ಲರಿಗೂ ಬೇಕಿತ್ತು. ಗೆದ್ದವರಿಗೂ ಬೇಕು, ಸೋತವರಿಗೂ ಬೇಕು. ಮುಸಾಫಿರ್‌ಖಾನೆಯಲ್ಲಿ ಇಳಿದವರಿಗೂ ಬೇಕು, ಊರಿನ ಹೆಂಗಸರಿಗೂ ಬೇಕು. ಸಿಟ್ಟು ಕಟ್ಟಡದ ಮೇಲೆ ತಿರುಗಿತು. ಹೊಂಡವನ್ನು ಯಾರೂ ಮುಚ್ಚಲಿಲ್ಲ.

ಇದೇ ತಾಲ್ಲೂಕಿನ ಸೂಳೆಕೆರೆಯದೂ ಅದೇ ಮಾತು. ಎರಡು ಗುಡ್ಡದ ನಡುವೆ ಹರಿದ್ರಾ ಹಳ್ಳಕ್ಕೆ ಏರಿ ಕಟ್ಟಿ ಮಾಡಿದ ಕೆರೆ ಅದು. ಪಾಳೆಯಗಾರರಿಗಿಂತ ಹಳೆಯದು. ಎಷ್ಟು ರಾಜರು ಬಂದು ಹೋದರೂ ಏರಿ ನಿಂತಿದೆ. ಇವತ್ತು ಚಿತ್ರದುರ್ಗದ ಜನ ಕುಡಿಯುವುದೂ ಆ ನೀರನ್ನೇ.

ಈಗ ನಮ್ಮ ಚಿಂತೆಗೆ ಬರುತ್ತೇವೆ. ನೀರು ಬೇಕಾಗಿದ್ದಕ್ಕೆ ಹೊಂಡ ಉಳಿಯಿತು ಅಂದರೆ, ನೀರು ಬೇಡವಾದ ದಿನ ಏನಾಗುತ್ತದೆ? ಮನೆ ಮುಂದೆ ನಲ್ಲಿ, ತೋಟದಲ್ಲಿ ಬೋರ್‌ವೆಲ್ ಬಂದ ಮೇಲೆ ಹೊಂಡ, ಕಲ್ಯಾಣಿ, ಗುಂಡುತೋಪಿನ ಬಾವಿಗಳಿಗೆ ಕೆಲಸ ಇಲ್ಲ. ಕೆಲಸ ಇಲ್ಲದ್ದನ್ನು ನಾವು ಕಸ ಹಾಕುವ ಜಾಗ ಮಾಡುತ್ತೇವೆ. ಆಮೇಲೆ ಒಂದು ಮೆಟ್ಟಿಲ ಕಲ್ಲು ಹೋಗುತ್ತದೆ, ಬಟ್ಟೆ ಒಗೆಯಲು. ಇನ್ನೊಂದು ಹೋಗುತ್ತದೆ, ದನ ಕಟ್ಟುವ ಕಡೆ ಹಾಸಲು. ನಿಧಿ ಆಸೆಗೆ ರಾತ್ರಿ ಅಗೆಯುವವರು ಬೇರೆ.

ಸಂತೇಬೆನ್ನೂರಿನ ಹೊಂಡ ಮತ್ತು ಮುಸಾಫಿರ್‌ಖಾನೆ ಕೇಂದ್ರ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿವೆ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಇಂಥ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಸ್ಮಾರಕ ಹಾಳು ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹತ್ತಿರದಲ್ಲಿ ಜಾಗ ಇರುವವರು ಪಾಯ ತೆಗೆಯುವ ಮೊದಲೇ ವಿಚಾರಿಸುವುದು ಒಳ್ಳೆಯದು. ರಾಜ್ಯದ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ 1961ರ ಕಾಯ್ದೆ ಬೇರೆ ಇದೆ.

ಆದರೆ ಯಾವ ಪಟ್ಟಿಯಲ್ಲೂ ಇಲ್ಲದ ಕಟ್ಟಡಗಳು ನಮ್ಮ ನಾಲ್ಕು ತಾಲ್ಲೂಕಲ್ಲಿ ಬೇಕಾದಷ್ಟಿವೆ. ಊರಾಚೆಯ ಮಂಟಪ, ಹುಡೇವು, ಪಾಳು ಬಾವಿ, ಹೊಲದ ಬದುವಿನ ಶಾಸನದ ಕಲ್ಲು. ಅವಕ್ಕೆ ಕಾವಲು ಅಂದರೆ ಊರವರೇ.

ನಿಮ್ಮೂರಲ್ಲಿ ಹಾಗೆ ಏನಿದೆ ಅಂತ ಈ ಭಾನುವಾರ ಒಮ್ಮೆ ನೋಡಿ ಬನ್ನಿ. ಫೋನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅದರ ಹೆಸರು ಕೇಳಿ ಬರೆದಿಡಿ. ಕಲ್ಲು ಕಿತ್ತಿದ್ದು ಕಂಡರೆ ಗ್ರಾಮ ಪಂಚಾಯ್ತಿಗೆ ಬರವಣಿಗೆಯಲ್ಲಿ ಕೊಡಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ನಾಯಕರ ಅರಮನೆಯ ಬಗ್ಗೆ ಕೇಳಿದರೆ ಇವತ್ತು ತೋರಿಸಲು ಗೋಡೆ ಇಲ್ಲ. ನಿಮ್ಮೂರ ಕಲ್ಯಾಣಿ ಬಗ್ಗೆ ನಿಮ್ಮ ಮೊಮ್ಮಕ್ಕಳು ಕೇಳಿದರೆ ಕರೆದುಕೊಂಡು ಹೋಗಿ ತೋರಿಸುವ ಹಾಗಿರಲಿ.