ಗೋರಿ, ಗುರು, ಗಂಭೀರ

ಅನುವಾದದ ಪ್ರಶ್ನೆಯೊಂದಕ್ಕೆ ವಿದ್ಯಾರ್ಥಿಯೊಬ್ಬ 'ಪರಿಸ್ಥಿತಿಯು ಗೋರಿಯಾಗಿತ್ತು' ಎಂದು ಬರೆದಿದ್ದ. ಮೂಲದಲ್ಲಿದ್ದ ಮಾತು 'ಗ್ರೇವ್'. ನಕ್ಕು ಅಂಕ ಕಳೆದೆ. ಆದರೆ ಹುಡುಗ ಎಡವಿದ ಕಲ್ಲು ಸಾಮಾನ್ಯದ್ದಲ್ಲವೆಂದು ಆಮೇಲೆ ತೋರಿತು.

ಇಂಗ್ಲಿಷಿನಲ್ಲಿ ಇವು ಒಂದೇ ವೇಷ ತೊಟ್ಟ ಎರಡು ಬೇರೆ ಶಬ್ದಗಳು. ಹೆಣ ಹೂಳುವ 'ಗ್ರೇವ್' ಹಳೆಯ ಇಂಗ್ಲಿಷಿನ ಅಗೆಯುವುದು ಎಂಬ ಧಾತುವಿನಿಂದ ಬಂದದ್ದು. ಕಲ್ಲಿನಲ್ಲಿ ಕೆತ್ತುವ 'ಎನ್‌ಗ್ರೇವ್' ಸಹ ಅದರ ಬಳಗವೇ. ಗಂಭೀರವೆಂಬರ್ಥದ 'ಗ್ರೇವ್' ಲ್ಯಾಟಿನ್ನಿನ 'ಗ್ರಾವಿಸ್', ಎಂದರೆ ಭಾರವಾದದ್ದು. ನಮ್ಮ 'ಗುರು' ಶಬ್ದದ ದಾಯಾದಿ. ಷೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯೆಟ್' ನಾಟಕದಲ್ಲಿ ಮರ್ಕ್ಯೂಷಿಯೋ ಸಾಯುತ್ತ ಈ ಎರಡರ್ಥಗಳಲ್ಲೇ ಶ್ಲೇಷೆಯಾಡುತ್ತಾನೆ. ಕನ್ನಡಕ್ಕೆ ತರುವವರಿಗೆ ಅದೊಂದು ಪೀಕಲಾಟ. ಏಕೆಂದರೆ ನಮ್ಮ 'ಗೋರಿ' ಪಾರಸಿಯ 'ಗೋರ್'. 'ಗಂಭೀರ' ಸಂಸ್ಕೃತ, ಅದರ ಮೊದಲ ಅರ್ಥ ಆಳ. ಅವರು ತೂಗಿ ನೋಡಿದ್ದನ್ನು ನಾವು ಆಳವಳೆದು ನೋಡಿದೆವು.

ಕನ್ನಡದ್ದೇ ಆದ ಮಾತು 'ಹೂಳು', ಹಳಗನ್ನಡದ 'ಪೂೞ್'. ಕೆರೆಯಲ್ಲಿ ತುಂಬುವ ಹೂಳೂ ಅದೇ. ಪಕಾರವು ಹಕಾರವಾದ ಇನ್ನೊಂದು ಹೆಸರು ನಮ್ಮ ಹೆಬ್ಬಾಳ. ಕಿತ್ತಯ್ಯನೆಂಬ ವೀರನ ಕಲ್ಲಿನಲ್ಲಿ ಅದು ಪೆರ್ಬೊಳಲ್, ಅಂದರೆ ಹಿರಿಯ ಪಟ್ಟಣ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಶಾಸನ ತಾನೇ ಹೂತುಹೋಗಿದ್ದು, 2018ರಲ್ಲಿ ಚರಂಡಿ ಅಗೆತದ ವೇಳೆ ಬೆಳಕಿಗೆ ಬಂದಿತು. ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನವೆಂದು ಅದಕ್ಕೆ ಹೆಸರು. ರಟ್ಟವಾಡಿಯವರು, ಬಹುಶಃ ರಾಷ್ಟ್ರಕೂಟರು, ಮೇಲೆ ಬಿದ್ದಾಗ ಊರಳಿವಿನಲ್ಲಿ ಕಾದಿ ಮಡಿದವನು ಕಿತ್ತಯ್ಯ.

ಇಂಥ ಕಲ್ಲನ್ನು ಇಂಗ್ಲಿಷಿನಲ್ಲಿ ಗೋರಿಗಲ್ಲೆಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವೀರಗಲ್ಲು ಗೋರಿಯಲ್ಲ, ಅದರಡಿಯಲ್ಲಿ ದೇಹವಿರಲೇಬೇಕೆಂದಿಲ್ಲ. ಗೋರಿ ಸತ್ತವನಿರುವ ಜಾಗವನ್ನು ಹೇಳಿದರೆ, ವೀರಗಲ್ಲು ಅವನು ಸತ್ತ ಕಾರಣವನ್ನು ಹೇಳುತ್ತದೆ. ಮಾಸ್ತಿಕಲ್ಲು, ಜೈನರ ನಿಸಿದಿಗೆ ಇವಕ್ಕೂ ಬೇರೆ ಬೇರೆ ಕಾರಣಗಳುಂಟು. ಎಲ್ಲವನ್ನೂ ಒಂದೇ ಮಾತಿನಲ್ಲಿ ಹೂತರೆ ಸಹಗಮನ ಮಾಡಿದವಳಿಗೂ ಸಲ್ಲೇಖನ ಕೈಗೊಂಡವನಿಗೂ ಊರಿಗಾಗಿ ಕಾದಿದವನಿಗೂ ಭೇದವೇ ಉಳಿಯದು. 'ಸಮಾಧಿ' ಎಂದರೂ ಸುಖವಿಲ್ಲ. ಅದು ಮೊದಲು ಯೋಗಿಯ ಮಾತು.

ಆದರೂ ಕೆತ್ತುವ ಕೆಲಸಕ್ಕೂ ಹೂಳುವ ಕುಣಿಗೂ ಇಂಗ್ಲಿಷಿನಲ್ಲಿ ಒಂದೇ ಬೇರಿರುವುದು ಹೆಬ್ಬಾಳದ ಕಲ್ಲಿನ ಮುಂದೆ ನಿಂತಾಗ ನೆನಪಾಗದಿರಲಿಲ್ಲ. ಮರುದಿನ ಆ ಹುಡುಗನ ಉತ್ತರಪತ್ರಿಕೆ ತರಿಸಿ, ಕಳೆದ ಎರಡು ಅಂಕಗಳಲ್ಲಿ ಒಂದನ್ನು ಹಿಂದಕ್ಕೆ ಕೊಟ್ಟೆ.